ಹಂಸದ ಹೊಟ್ಟೆಯಲ್ಲಿ ಗೂಳಿ

"ಬೆನ್ನು ಮಾಡಿ ಕೂತ್ಕೊಳ್ಳಿ ಮೇಸ್ತ್ರಿಗಳೇ," ಎಂದರು ಮೇಡಂ.

ಮುದುಕ ನಕ್ಕ. "ಎರಡು ಕಣ್ಣನ್ನೂ ಸಕ್ಕರೆ ಕಾಯಿಲೆಗೆ ಕೊಟ್ಟು ಕೂತಿದ್ದೀನಿ. ಎದೆ ಮಾಡಿ ಕೂತ್ರೇನು, ಬೆನ್ನು ಮಾಡಿ ಕೂತ್ರೇನು ಮೇಡಂ?"

"ಕಾನೂನಿಗೆ ನಿಮ್ಮ ಸಕ್ಕರೆ ಕಾಯಿಲೆ ಗೊತ್ತಿಲ್ಲ. ತಿರುಗಿ."

ಎಲ್ಲರೂ ಕಿವಿ ಮೇಸ್ತ್ರಿ ಎನ್ನುವ ಆ ಮುದುಕ ಸ್ಟೂಲಿನ ಮೇಲೆ ಗೋಡೆಯ ಕಡೆ ತಿರುಗಿದ. ಅವನ ಹಿಂದೆ, ಗ್ಯಾರೇಜಿನ ಅಂಗಳದಲ್ಲಿ, ಮೂರು ಹಳೇ ಪಿಕಪ್‌ಗಳು ಸಾಲಾಗಿ ನಿಂತಿದ್ದವು. ನಂಬರ್ ಪ್ಲೇಟುಗಳ ಮೇಲೆ ಗೋಣಿತಾಟು ಕಟ್ಟಿದ್ದೆವು. ಮಧ್ಯಾಹ್ನ ಎರಡೂವರೆಯ ಬಿಸಿಲು. ನೆಲದ ಮೇಲಿನ ಎಣ್ಣೆ ಕಲೆಗಳು ಹೊಳೆಯುತ್ತಿದ್ದವು.

ಆರೋಪಿಗಳ ಗುರುತಿನ ಪರೇಡನ್ನು ನಾನು ಇಪ್ಪತ್ತಾರು ವರ್ಷದಲ್ಲಿ ನೂರಾರು ಬಾರಿ ಬರೆದಿದ್ದೇನೆ. ಠಾಣೆಯ ರೈಟರ್ ಕೆಲಸವೇ ಅದು, ಬೇರೆಯವರು ಹೇಳಿದ್ದನ್ನು ಬರೆಯುವುದು. ಇಂಜಿನ್‌ಗಳ ಗುರುತಿನ ಪರೇಡ್ ಇದೇ ಮೊದಲು. ಇನ್ಸ್‌ಪೆಕ್ಟರ್ ಮೇಡಂಗೆ ಠಾಣೆಯಲ್ಲಿ ನಾವು ಇಟ್ಟ ಹೆಸರು ಇಕ್ಕಳ. ಒಮ್ಮೆ ಹಿಡಿದರೆ ಮೂಳೆಗೆ ತಾಗುವವರೆಗೆ ಬಿಡುವವರಲ್ಲ.

ಒಂಬತ್ತು ದಿನದ ಹಿಂದೆ, ಬೆಳಿಗ್ಗೆ ಆರಕ್ಕೆ, ದಟ್ಟ ಮಂಜಿನಲ್ಲಿ, ಬಿಡಿಭಾಗಗಳ ಅಂಗಡಿಯವನನ್ನು ಒಂದು ಪಿಕಪ್ ಈ ಓಣಿಯ ಬಾಯಲ್ಲಿ ಗೋಡೆಗೆ ಒತ್ತಿ ಅರೆದು ಹೋಗಿತ್ತು. ಅವನನ್ನು ಎಲ್ಲರೂ ಡೂಪ್ಲಿಕೇಟ್ ಎಂದು ಕರೆಯುತ್ತಿದ್ದರು. ಒಳ್ಳೇ ಕಂಪನಿಯ ಡಬ್ಬದಲ್ಲಿ ಕಳ್ಳ ಮಾಲು ತುಂಬಿ ಮಾರುವುದು ಅವನ ಕಸುಬು. ಅಂದು ಹತ್ತು ಗಂಟೆಗೆ ಠಾಣೆಗೆ ಬಂದು ಮೇಡಂ ಒಬ್ಬರ ಹತ್ತಿರವೇ ಏನೋ ಹೇಳಬೇಕೆಂದಿದ್ದ. ಗೋಡೆಯಿಂದ ಅವನನ್ನು ಬಿಡಿಸಿ ತೆಗೆಯುವಾಗ ಹತ್ತು ಗಂಟೆಯೇ ಆಗಿತ್ತು.

ಕಣ್ಣಾರೆ ನೋಡಿದವರು ಯಾರೂ ಇಲ್ಲ. ಕಿವಿಯಾರೆ ಕೇಳಿದವನು ಒಬ್ಬನಿದ್ದ. ಓಣಿಯ ಬಾಯಲ್ಲೇ ಮಹಡಿಯ ಕೋಣೆಯಲ್ಲಿ ಒಬ್ಬನೇ ಇರುವ ಈ ಮೇಸ್ತ್ರಿ. ನಲವತ್ತು ವರ್ಷ ಡೀಸೆಲ್ ಇಂಜಿನ್‌ಗಳ ಎದೆಗೆ ಕಿವಿ ಇಟ್ಟವನು. ಅವನ ಹೇಳಿಕೆಯ ಸಾರ ಒಂದೇ ಮಾತು: "ಅದು ಲಂಬು ಗಾಡಿ ಇಂಜಿನ್. ಅನುಮಾನವೇ ಬೇಡ."

ಲಂಬು ಎಂದರೆ ಆರೂಕಾಲು ಅಡಿ ಎತ್ತರದ ಪಿಕಪ್ ಡ್ರೈವರ್. ಹಿಂದಿನ ದಿನವಷ್ಟೇ ಮಾರ್ಕೆಟ್ಟಿನಲ್ಲಿ ಡೂಪ್ಲಿಕೇಟ್‌ನ ಕೊರಳಪಟ್ಟಿ ಹಿಡಿದು, "ನೀನು ಕೊಟ್ಟ ಪಿಸ್ಟನ್ ನನ್ನ ಇಂಜಿನ್ ತಿಂದುಹಾಕ್ತು, ನಿನ್ನನ್ನ ಚಕ್ರದ ಕೆಳಗೆ ಹಾಕ್ತೀನಿ," ಎಂದು ಕೂಗಾಡಿದ್ದ. ಇನ್ನೇನು ಬೇಕು? ಅವತ್ತೇ ಗಾಡಿ ಜಪ್ತಿ ಮಾಡಿದೆವು, ಲಂಬುನ ಒಳಗೆ ಹಾಕಿದೆವು. ಅಂದಿನಿಂದ ಅವನ ಬಾಯಿಗೆ ಬೀಗ. ಹೊಡೆದರೂ ಇಲ್ಲ, ಬೈದರೂ ಇಲ್ಲ.

ಕಸ್ಟಡಿ ಮುಗಿದು ಇವತ್ತು ನಾಲ್ಕು ಗಂಟೆಗೆ ಅವನನ್ನು ಮತ್ತೆ ಜಡ್ಜ್ ಮುಂದೆ ನಿಲ್ಲಿಸಬೇಕು. ಮೇಸ್ತ್ರಿಯ ಮಾತು ಕೋರ್ಟಿನಲ್ಲಿ ಗಟ್ಟಿಯಾಗಿ ನಿಂತರೆ ಲಂಬು ಹೊರಗೆ ಬರುವಷ್ಟರಲ್ಲಿ ಅವನ ಎರಡು ವರ್ಷದ ಮಗಳಿಗೆ ಮದುವೆಯ ವಯಸ್ಸಾಗಿರುತ್ತದೆ.

ನಮ್ಮನ್ನು ಗ್ಯಾರೇಜಿಗೆ ಕರೆತಂದವನು ಠಾಣೆಯ ಜೀಪ್ ಡ್ರೈವರ್. ಅವನು ಈ ಮೇಸ್ತ್ರಿಯ ಅಳಿಯನೂ ಹೌದು. ಮೆತ್ತನೆಯ ಮನುಷ್ಯ. ಇಳಿದವನೇ "ಮಾವ, ಮಾತ್ರೆ ತಗೊಂಡ್ರಾ?" ಎಂದು ಕೇಳಿದ. ಲಾಕಪ್ಪಿನಲ್ಲಿರುವ ಲಂಬುವಿಗೆ ಒಂಬತ್ತು ದಿನದಿಂದ ಎರಡು ಹೊತ್ತೂ ಊಟ ಒಯ್ದು ಕೊಡುತ್ತಿದ್ದವನೂ ಅವನೇ.

ಮೇಡಂ ಅವನನ್ನು ನಿಲ್ಲಗೊಡಲಿಲ್ಲ. "ನೀನು ಸಾಕ್ಷಿಯ ಅಳಿಯ. ಪರೇಡ್ ನಡೆಯೋ ಜಾಗದಲ್ಲಿ ನಿನ್ನ ನೆರಳೂ ಇರಬಾರದು. ನಾಳೆ ವಕೀಲರು ನನ್ನ ಜನ್ಮ ಜಾಲಾಡ್ತಾರೆ. ಠಾಣೆಗೆ ಹೋಗು, ಲಂಬುನ ಕೋರ್ಟಿಗೆ ಕರ್ಕೊಂಡು ಹೋಗು."

"ಸರಿ ಮೇಡಂ," ಎಂದು ಅವನು ಜೀಪ್ ತಿರುಗಿಸಿಕೊಂಡು ಹೋದ. ಕಾನೂನನ್ನು ಇಷ್ಟು ಅಚ್ಚುಕಟ್ಟಾಗಿ ಪಾಲಿಸುವವರು ನಮ್ಮ ಇಲಾಖೆಯಲ್ಲಿ ಇನ್ನೂ ಇದ್ದಾರಲ್ಲ ಎಂದು ನನಗೆ ಹೆಮ್ಮೆಯಾಯಿತು.

"ಶುರು ಮಾಡೋ ಮುಂಚೆ ಒಂದು ಮಾತು ಮೇಸ್ತ್ರಿಗಳೇ," ಎಂದರು ಮೇಡಂ. "ನೀವು ಅವತ್ತು ರೈಟರಿಗೆ ಹೇಳಿ ಬರೆಸಿದ್ದು. 'ಪಿಸ್ಟನ್ ಬೋರಿನ ಗೋಡೆಗೆ ಬಡಿಯುವ ಟಕ ಟಕ ಸದ್ದು ಜೋರಾಗಿತ್ತು.' ಆ ಸದ್ದು ಯಾವಾಗ ಬರುತ್ತೆ?"

"ಸವೆದ ಪಿಸ್ಟನ್ ಇದ್ರೆ ಬರುತ್ತೆ."

"ಯಾವಾಗ ಅಂದೆ."

ಮೇಸ್ತ್ರಿಯ ಕತ್ತಿನ ನರ ಒಮ್ಮೆ ಎದ್ದು ಇಳಿಯಿತು. "ಇಂಜಿನ್ ತಣ್ಣಗಿದ್ದಾಗ."

"ಕಾದ ಮೇಲೆ?"

"ಪಿಸ್ಟನ್ ಹಿಗ್ಗುತ್ತೆ. ಸದ್ದು ನಿಲ್ಲುತ್ತೆ."

ಮೇಡಂ ಜೇಬಿನಿಂದ ಒಂದು ಸಣ್ಣ ಚೀಟಿ ತೆಗೆದರು. "ಲಂಬು ಅವತ್ತು ಐದೂ ಐದಕ್ಕೆ ನಲವತ್ತು ಕಿಲೋಮೀಟರ್ ಆಚೆ ಟೋಲ್ ಗೇಟ್ ದಾಟಿದ್ದಾನೆ, ಲೋಡ್ ಹೊತ್ಕೊಂಡು. ಆರಕ್ಕೆ ಇಲ್ಲಿಗೆ ಬಂದಾಗ ಅವನ ಇಂಜಿನ್ ಮೇಲೆ ನೀರು ಕುದಿಸಬಹುದಿತ್ತು. ಅದು ಹೇಗೆ ಟಕ ಟಕ ಅಂತು?"

"ಮಂಜಿತ್ತಲ್ಲ ಮೇಡಂ. ತಂಡಿಗೆ ಇಂಜಿನ್ ತಣ್ಣಗಾಗಿರುತ್ತೆ."

ಸೈಕಲ್ ಬಿಟ್ಟು ಬೇರೇನೂ ಓಡಿಸದ ನನಗೇ ಅದು ಬುರುಡೆ ಎಂದು ಗೊತ್ತಾಯಿತು. ಆ ಹೇಳಿಕೆ ಬರೆದ ಕೈ ನನ್ನದು. 'ಯಾವಾಗ' ಎಂಬ ಒಂದು ಪದ ಅಂದು ನನ್ನ ಬಾಯಿಂದ ಬಂದಿದ್ದರೆ ಲಂಬು ತನ್ನ ಮನೆಯಲ್ಲಿರುತ್ತಿದ್ದ. ಕೈಯಲ್ಲಿದ್ದ ಪೆನ್ನು ಭಾರವಾಯಿತು.

ಮೇಡಂ ಪೇದೆಗೆ ಕೈ ಸನ್ನೆ ಮಾಡಿದರು. ಮೊದಲ ಗಾಡಿ ಗರ್ರೆಂದಿತು.

"ಇದು ಬಾಣದ ಗುರುತಿನ ಕಂಪನಿದು," ಎಂದ ಮೇಸ್ತ್ರಿ. ಸದ್ದು ಕಿವಿಗೆ ಬಿದ್ದದ್ದೇ ತಡ, ಅವನ ಬೆನ್ನು ನೆಟ್ಟಗಾಗಿತ್ತು. "ಫ್ಯಾನ್ ಬೆಲ್ಟ್ ಕೀರಲ್ತಾ ಇದೆ. ಇದನ್ನ ಓಡಿಸೋನು ಮಾಲೀಕ ಅಲ್ಲ, ಸಂಬಳದವನು. ಸ್ವಂತದ್ದಾಗಿದ್ರೆ ಇಷ್ಟು ಹೊತ್ತಿಗೆ ಬೆಲ್ಟ್ ಬದಲಾಯಿಸ್ತಿದ್ದ."

ಪೇದೆ ತಲೆಯಾಡಿಸಿದ. ನಿಜವೇ.

ಎರಡನೆಯದು ಸ್ಟಾರ್ಟ್ ಆಯಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ ಉಸಿರಾಡಿತು.

"ಹಂಸ. ಇದರ ಸದ್ದು ಕೇಳಿ ಮಗು ನಿದ್ದೆ ಮಾಡುತ್ತೆ ಅಂತಾರೆ ಹಂಸದವರು. ಮಾಡ್ಲಿ. ಒಳಗೆ ಬೇರಿಂಗ್ ಹೋಗ್ತಾ ಇದೆ. ಮುಂದಿನ ತಿಂಗಳು ನಡುರಸ್ತೆಲಿ ಕೈಕೊಡುತ್ತೆ, ಕೆಮ್ಮೂ ಇಲ್ಲದೆ. ನಮ್ಮ ಗೂಳಿ ಹಂಗಲ್ಲ ಮೇಡಂ. ಗೂಳಿ ಇಂಜಿನ್ ಹತ್ತು ವರ್ಷ ನರಳುತ್ತೆ, ಆದ್ರೂ ಮನೆಗೆ ಮುಟ್ಟಿಸುತ್ತೆ."

ಬಾನೆಟ್ಟಿನ ಮೇಲೆ ಗೂಳಿಯ ಗುರುತಿರುವ ಗಾಡಿ ಮತ್ತು ಹಂಸದ ಗುರುತಿರುವ ಗಾಡಿ. ಮಾರ್ಕೆಟ್ಟಿನಲ್ಲಿ ಈ ಎರಡು ಕಡೆಯ ಡ್ರೈವರುಗಳು ಒಂದೇ ಬೆಂಚಿನ ಮೇಲೆ ಟೀ ಕುಡಿಯುವುದಿಲ್ಲ. ಕಿವಿ ಮೇಸ್ತ್ರಿ ಎರಡನ್ನೂ ರಿಪೇರಿ ಮಾಡುತ್ತಿದ್ದ. ಆದರೆ ಒಂದರ ಬಿಡಿಭಾಗವನ್ನು ಇನ್ನೊಂದಕ್ಕೆ ನಲವತ್ತು ವರ್ಷದಲ್ಲಿ ಒಮ್ಮೆಯೂ ಹಾಕಿದವನಲ್ಲ. ಹಾಕುವವರನ್ನು ಕಸಾಯಿಗಳು ಎನ್ನುತ್ತಿದ್ದ.

ಮೂರನೆಯ ಗಾಡಿ ಸ್ಟಾರ್ಟ್ ಆಯಿತು. ಇದು ಜಪ್ತಿಯಾಗಿ ಒಂಬತ್ತು ದಿನ ಠಾಣೆಯ ಹಿಂದೆ ನಿಂತಿದ್ದ ಲಂಬುವಿನ ಗೂಳಿ. ಟೋ ಮಾಡಿ ತಂದಿದ್ದೆವು, ಇಂಜಿನ್ ತಣ್ಣಗಿರಲಿ ಎಂದು.

ಮೇಸ್ತ್ರಿ ಕಿವಿ ವಾಲಿಸಿದ. ಹುಬ್ಬು ಗಂಟಾಯಿತು.

"ಗೂಳಿ," ಎಂದ.

"ಯಾರದು?"

"ಗೊತ್ತಿಲ್ಲ."

"ಲಂಬುದಾ?"

"ಅಲ್ಲ ಮೇಡಂ. ಲಂಬುದು ನನ್ನ ಕೈಯಲ್ಲೇ ಬೆಳೆದ ಇಂಜಿನ್. ಇದು ಯಾವುದೋ ಸೆಕೆಂಡ್ ಹ್ಯಾಂಡ್."

ಮೇಡಂ ಹೋಗಿ ಗೋಣಿತಾಟು ಕಿತ್ತೆಸೆದರು. "ರೈಟರ್, ಗಾಡಿ ನಂಬರ್ ಜೋರಾಗಿ ಓದಿ."

ಓದಿದೆ. ಮುದುಕನ ಮುಖದಿಂದ ರಕ್ತ ಇಳಿದುಹೋಯಿತು. ಆ ನಂಬರನ್ನು ಅವನು ಹತ್ತು ವರ್ಷದಿಂದ ಬಲ್ಲ.

"ಇದೇ ಲಂಬು ಗಾಡಿ. ನೀವು ಅನುಮಾನವೇ ಬೇಡ ಅಂದಿದ್ದು." ಮೇಡಂ ಅವನ ಕಿವಿಯ ಹತ್ತಿರ ಬಗ್ಗಿ ಹೇಳಿದರು, ಜೋರಾಗಿ, ಮಗುವಿಗೆ ಹೇಳುವಂತೆ. "ಕೇಳಿಸ್ತಾ ಇದ್ಯಾ? ನಿಮ್ಮ ಈ ಕಿವಿ ನಂಬಿ ಒಬ್ಬ ಮನುಷ್ಯನ ಬೆನ್ನ ಮೇಲೆ ಲಾಠಿ ಆಡಿಸಿದ್ದೀವಿ."

"ಅಲ್ಲ... ಇದು ಲಂಬುದಲ್ಲ... ಇನ್ನೊಂದ್ಸಲ ಸ್ಟಾರ್ಟ್ ಮಾಡಿ ಮೇಡಂ."

ಆಗ ಮೇಸ್ತ್ರಿಯ ಮಗಳು, ಜೀಪ್ ಡ್ರೈವರನ ಹೆಂಡತಿ, ಬಾಯಿ ಬಿಟ್ಟಳು. ಇಷ್ಟು ಹೊತ್ತು ಅವಳು ಕಂಬಕ್ಕೆ ಒರಗಿ, ಎಣ್ಣೆ ಬಟ್ಟೆಯಲ್ಲಿ ಕೈ ಒರೆಸುತ್ತಲೇ ಇದ್ದಳು. ಕೈ ಆಗಲೇ ಶುದ್ಧವಾಗಿತ್ತು. ಅಪ್ಪನ ಕಣ್ಣು ಹೋದ ಮೇಲೆ ಗ್ಯಾರೇಜ್ ನಡೆಸುವವಳು ಅವಳೇ. ಗಂಡಸರು ಇಬ್ಬರು ಸೇರಿ ಸಡಿಲಿಸಲಾಗದ ನಟ್ಟನ್ನು ಒಬ್ಬಳೇ ಬಿಚ್ಚುತ್ತಾಳೆ ಎಂಬ ಹೆಸರಿದೆ.

"ಮೇಡಂ, ಸಾಕು ಮಾಡಿ," ಎಂದಳು. "ಅಪ್ಪಂಗೆ ಕಿವೀನೂ ಹೋಗಿದೆ. ಒಂದು ವರ್ಷ ಆಯ್ತು. ನೊಂದ್ಕೋತಾನೆ ಅಂತ ನಾವ್ಯಾರೂ ಹೇಳಿಲ್ಲ ಅಷ್ಟೇ. ಇಂಜಿನ್ ಹತ್ರ ಕಿವಿ ಇಟ್ಟು ಏನೇನೋ ಹೇಳ್ತಾನೆ, ಡ್ರೈವರುಗಳು ಪಾಪ ಅಂತ ಹೂಂ ಅಂತಾರೆ, ನಾನು ಆಮೇಲೆ ಸರಿಯಾಗಿ ರಿಪೇರಿ ಮಾಡಿ ಕೊಡ್ತೀನಿ. ಅಪ್ಪ ಕಿವುಡ ಮೇಡಂ. ಕಿವುಡನ ಮಾತು ಕಟ್ಕೊಂಡು ಕೇಸ್ ನಡೆಸ್ತೀರಾ?"

ಮೇಸ್ತ್ರಿ ಮಗಳ ಕಡೆ ತಿರುಗಲಿಲ್ಲ. ಅವನ ತಲೆ ನಿಧಾನಕ್ಕೆ ಇನ್ನೊಂದು ಕಡೆಗೆ, ಓಣಿಯ ಬಾಯಿಯ ಕಡೆಗೆ ವಾಲಿತು. ಅಲ್ಲಿ ದೊಡ್ಡ ರಸ್ತೆ. ಎಡಕ್ಕೆ ಹೋದರೆ ಕೋರ್ಟು, ಬಲಕ್ಕೆ ಹೋದರೆ ಪಾಳುಬಿದ್ದ ಕಲ್ಲಿನ ಕ್ವಾರಿ. ಅವಮಾನಕ್ಕೆ ಮುಖ ಮರೆಸಿಕೊಂಡ ಎಂದುಕೊಂಡೆ. ಎಷ್ಟೋ ಹೊತ್ತು ಹಾಗೆಯೇ ಕುಳಿತಿದ್ದ, ತುಟಿ ಮಾತ್ರ ಅದುರುತ್ತಿತ್ತು. ಆ ಹೆಂಗಸಿನ ಕೆನ್ನೆಗೆ ಎರಡು ಬಿಗಿಯಬೇಕೆನಿಸಿತು ನನಗೆ.

ಮೇಡಂ ಮುಖದಲ್ಲಿ ಮಾತ್ರ ಒಂದು ಸಣ್ಣ ನಗು ಮೂಡಿತು.

"ಒಂದು ವರ್ಷದಿಂದ ಕಿವುಡರು. ಹಾಗಾದ್ರೆ ಬೆಲ್ಟ್ ಕೀರಲಿದ್ದು ಹೇಗಮ್ಮಾ ಕೇಳಿಸ್ತು?"

ಮಗಳ ಕೈ ನಿಂತಿತು.

ಮೇಡಂ ಲಂಬುವಿನ ಗಾಡಿಯ ಬಾನೆಟ್ ಎತ್ತಿದರು. ಒಂಬತ್ತು ದಿನದಲ್ಲಿ ನಾವು ಬಂಪರಿನ ಡೊಂಕನ್ನು ನಾಲ್ಕು ಕಡೆಯಿಂದ ಫೋಟೋ ತೆಗೆದಿದ್ದೆವು. ಬಾನೆಟ್ ಎತ್ತಿದವರು ಒಬ್ಬರೂ ಇರಲಿಲ್ಲ. ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಇಂಜಿನ್ನಿನ ಪಕ್ಕೆಯನ್ನು ಉಜ್ಜಿದರು. ಜಿಡ್ಡಿನ ಕೆಳಗಿನಿಂದ ನಂಬರ್ ಎದ್ದುಬಂತು. ನಾನು ಗಾಡಿಯ ಆರ್‌ಸಿ ಪುಸ್ತಕ ತೆರೆದು ಹಿಡಿದೆ. ಒಂದಂಕಿಯೂ ಕೂಡಿಬರಲಿಲ್ಲ.

"ಮೇಸ್ತ್ರಿ ಹೇಳಿದ್ದೇ ನಿಜ," ಎಂದರು ಮೇಡಂ. "ಗಾಡಿ ಲಂಬುದು, ಇಂಜಿನ್ ಲಂಬುದಲ್ಲ. ಹಾಗಿದ್ರೆ ಅವನ ಇಂಜಿನ್ ಎಲ್ಲಿದೆ?"

ಅವರ ಕಣ್ಣು ಅಂಗಳವನ್ನೆಲ್ಲ ಸುತ್ತಿ, ಶೆಡ್ಡಿನ ಮೂಲೆಯ ಟಾರ್ಪಾಲಿನ ಮೇಲೆ ನಿಂತಿತು.

"ಅದರ ಕೆಳಗೇನಮ್ಮಾ?"

"ನಮ್ಮದೇ ಹಂಸ ಮೇಡಂ. ಇಂಜಿನ್ ಸೀಜ್ ಆಗಿ ಎರಡು ತಿಂಗಳಾಯ್ತು. ಕೆಟ್ಟು ನಿಂತಿದೆ. ಬ್ಯಾಟರಿನೂ ಇಲ್ಲ."

"ಬ್ಯಾಟರಿ ನಮ್ಮತ್ರ ಇದೆ."

ಪೇದೆ ಬಾಣದ ಗಾಡಿಯ ಬ್ಯಾಟರಿ ಬಿಚ್ಚಿ ತಂದ. ಕೂರಿಸಲು ಹತ್ತು ನಿಮಿಷ ಹಿಡಿಯಿತು. ಬೀಗದ ಕೈ ಕೇಳಿದರೆ ಕಳೆದುಹೋಗಿದೆ ಎಂದಳು. ಮೇಡಂ ಕೈ ಚಾಚಿ ಅವಳ ಕಣ್ಣನ್ನೇ ನೋಡುತ್ತ ನಿಂತರು. ಕೊನೆಗೆ ಅವಳು ಗೋಡೆಯ ಮೊಳೆಯಿಂದ ತೆಗೆದು ಕೊಟ್ಟಳು. ಮೇಸ್ತ್ರಿ ನಮ್ಮ ಮಾತೊಂದನ್ನೂ ತಲೆಗೆ ಹಾಕಿಕೊಳ್ಳದೆ, ಮನಸ್ಸು ಬೇರೆಲ್ಲೋ ಇಟ್ಟವನಂತೆ, ಗೋಡೆಗೆ ಮುಖ ಮಾಡಿಯೇ ಕುಳಿತಿದ್ದ.

ಸೆಲ್ಫ್ ಎರಡು ಬಾರಿ ನರಳಿತು. ಮೂರನೆಯದಕ್ಕೆ ಇಂಜಿನ್ ಹತ್ತಿಕೊಂಡಿತು.

ಟಕ ಟಕ ಟಕ ಟಕ.

ತಗಡಿನ ಶೆಡ್ಡೇ ನಡುಗುವಂಥ ಸದ್ದು. ಹಂಸದ ಗಾಡಿಯಿಂದ ಬರಲು ಸಾಧ್ಯವೇ ಇಲ್ಲದ ಸದ್ದು.

ಮೇಸ್ತ್ರಿ ಸ್ಟೂಲಿನಿಂದ ಎದ್ದೇಬಿಟ್ಟ. ಮುಖದ ಸುಕ್ಕೆಲ್ಲ ಬಿಚ್ಚಿಕೊಂಡಿತು. "ಲಂಬು! ಬಂದ್ಯೇನೋ!" ಎಂದು ಕೂಗಿದ. "ಮೇಡಂ, ಬಿಟ್ಬಿಟ್ರಾ ಇವನನ್ನ? ಗಾಡಿನೂ ಕೊಟ್ರಾ? ನಾನು ಹೇಳಲಿಲ್ವಾ ಆಗಿಂದು ಇವನದಲ್ಲ ಅಂತ, ಇದು ನೋಡಿ ಇವನದು! ಲಂಬು, ಇಳಿಯೋ, ಮಾತಾಡೋ..."

ಎರಡು ಕೈಯನ್ನೂ ಮುಂದೆ ಚಾಚಿ ಸದ್ದಿನ ಕಡೆಗೆ ನಡೆಯತೊಡಗಿದ. ಮುದುಕನಿಗೆ ಅಷ್ಟು ಸಂತೋಷ. ನಾನು ತಡೆಯಲು ಒಂದು ಹೆಜ್ಜೆ ಇಟ್ಟೆ. ಮೇಡಂ ನನ್ನ ಮೊಣಕೈ ಹಿಡಿದರು. ಬಿಡಲಿಲ್ಲ.

"ಅವನೇ ಮುಟ್ಟಿ ನೋಡ್ಲಿ," ಎಂದರು ಮೆಲ್ಲಗೆ.

ಮೇಸ್ತ್ರಿಯ ಕೈ ಬಾನೆಟ್ಟಿಗೆ ತಾಗಿತು. ಪ್ರೀತಿಯಿಂದ ತಟ್ಟಿದ. ಬೆರಳು ಮುಂದಕ್ಕೆ ಜಾರುತ್ತಾ ಹೋಗಿ ಕಂಪನಿಯ ಗುರುತಿನ ಮೇಲೆ ನಿಂತವು. ಗೂಳಿಯ ಕೊಂಬಿಗಾಗಿ ತಡಕಿದವು. ಸಿಕ್ಕಿದ್ದು ಹಂಸದ ಉದ್ದನೆಯ ಕತ್ತು. ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಮತ್ತೆ ಮತ್ತೆ ಸವರಿದ. ಆಮೇಲೆ ಮುಂದಿನ ಕಬ್ಬಿಣದ ಗಾರ್ಡಿಗೆ ಕೈ ಇಟ್ಟ. ಅಲ್ಲಿ ಹೊಸ ವೆಲ್ಡಿಂಗಿನ ಗಂಟುಗಳಿದ್ದವು.

"ಇಂಜಿನ್ ನಿಲ್ಸಿ," ಎಂದ. ಧ್ವನಿಯಲ್ಲಿ ಜೀವವಿರಲಿಲ್ಲ.

ನಿಲ್ಲಿಸಿದರು.

"ಮಗಾ," ಎಂದ ಮೇಸ್ತ್ರಿ. "ಹಂಸಕ್ಕೆ ಗೂಳಿ ಇಂಜಿನ್ ಹಾಕಿದ್ಯಾ?"

ಮಗಳು ತಲೆ ತಗ್ಗಿಸಿದಳು. "ನೀನು ನಾಲ್ಕು ದಿನ ಕಣ್ಣಾಸ್ಪತ್ರೆಲಿದ್ಯಲ್ಲ, ಆಗ. ಲಂಬು ಇಂಜಿನ್ ಬೋರ್ ಮಾಡ್ಸೋಕೆ ಇಳಿಸಿದ್ದೆ. ಅವನ ಟ್ರಿಪ್ ನಿಲ್ಬಾರ್ದು ಅಂತ ಬದಲಿ ಇಂಜಿನ್ ಕೂರಿಸಿ ಕಳಿಸ್ದೆ, ನೀನೂ ಹಾಗೇ ಮಾಡ್ತಿದ್ಯಲ್ಲ. ಅವನದು ಸುಮ್ನೆ ಬಿದ್ದಿತ್ತು. ನಮ್ಮ ಗಾಡಿಗೆ ಹಾಕಿ ಓಡುತ್ತಾ ನೋಡೋಣ ಅಂತ... ನೀನು ಬೈತೀಯ ಅಂತ ಹೇಳಲಿಲ್ಲ."

ಬದಲಿ ಇಂಜಿನ್ ಕೊಡುವುದು ಈ ಗ್ಯಾರೇಜಿನ ಹಳೇ ಪದ್ಧತಿ. ದೊಡ್ಡ ರಿಪೇರಿ ಮುಗಿಯುವವರೆಗೆ ಡ್ರೈವರ್ ಖಾಲಿ ಕೂರಬಾರದೆಂದು ಮೇಸ್ತ್ರಿಯೇ ಶುರು ಮಾಡಿದ್ದು. ಆಸ್ಪತ್ರೆಯಿಂದ ಬಂದ ಮರುದಿನ ಬೆಳಿಗ್ಗೆ ಅವನು ಲಂಬುವಿನ ಇಂಜಿನ್ ಕೇಳಿಸಿಕೊಂಡ. ಅದು ಯಾರ ಗಾಡಿಯ ಹೊಟ್ಟೆಯಲ್ಲಿದೆ ಎಂದು ಅವನಿಗೆ ಹೇಳಿದವರಿರಲಿಲ್ಲ.

ನನಗೆ ಅರ್ಥವಾಗದೆ ಉಳಿದದ್ದು ಒಂದೇ. ತನ್ನ ಗಾಡಿಯಲ್ಲಿ ತನ್ನ ಇಂಜಿನ್ ಇಲ್ಲ ಎಂಬುದು ಲಂಬುವಿಗೆ ಚೆನ್ನಾಗಿ ಗೊತ್ತಿತ್ತು. ಒಂದು ವಾಕ್ಯ ಹೇಳಿದ್ದರೆ ಬಿಡುಗಡೆ. ಒಂಬತ್ತು ದಿನ ಲಾಠಿ ತಿಂದ, ಆ ವಾಕ್ಯ ಹೇಳಲಿಲ್ಲ.

"ಮೇಸ್ತ್ರಿಗಳೇ," ಎಂದರು ಮೇಡಂ, "ಕಾದ ಇಂಜಿನ್ ಬಡಿಯಲ್ಲ ಅನ್ನೋದು ನಿಮಗೆ ಅವತ್ತೂ ಗೊತ್ತಿತ್ತು. ಈಗ ತಾನೇ ನನ್ನ ಮುಂದೆ ಮಂಜಿನ ಕಥೆ ಕಟ್ಟಿದ್ರಿ. ಯಾರನ್ನ ಉಳಿಸೋಕೆ ಲಂಬುನ ಕೊಟ್ರಿ?"

ಮುದುಕ ಗಾಡಿಯ ಮುಂದೆಯೇ ನೆಲಕ್ಕೆ ಕುಸಿದು ಕುಳಿತ.

"ಇಂಜಿನ್ ಯಾರದು ಅಂತ ರೈಟರು ಕೇಳಿದ್ರು, ಹೇಳ್ದೆ," ಎಂದ. "ಕಾಲು ಯಾರದು ಅಂತ ಯಾರೂ ಕೇಳ್ಲಿಲ್ಲ."

"ಕಾಲಾ?"

"ಕ್ಲಚ್ ತುಳಿಯೋ ಕಾಲು. ಎರಡನೇ ಗೇರಿಗೆ ಹಾಕೋ ಮುಂಚೆ ಎರಡು ಸಲ ತುಳೀತಾರೆ. ಹಳೇ ಗಾಡಿಗಳ ಕಾಲದ ಅಭ್ಯಾಸ. ಈಗ ಯಾರೂ ಮಾಡಲ್ಲ, ಲಂಬುನೂ ಮಾಡಲ್ಲ. ಅವತ್ತು ಡೂಪ್ಲಿಕೇಟನ್ನ ಅರೆದು ಹೋದೋರು ಮಾಡಿದ್ರು. ನಾನು ಕೇಳ್ಸ್ಕೊಂಡೆ." ಮೇಸ್ತ್ರಿ ಅಂಗೈಯಿಂದ ಮುಖ ಒರೆಸಿಕೊಂಡ. "ಆ ಅಭ್ಯಾಸ ನಾನು ಕಲಿಸಿದ್ದು ಇಬ್ಬರಿಗೇ. ಒಬ್ಬಳು ಇಲ್ಲೇ ನಿಂತಿದ್ದಾಳೆ. ಲಂಬು ಹೋದ್ರೆ ಹೋಗ್ಲಿ, ಅವನು ನನ್ನ ಹೊಟ್ಟೇಲಿ ಹುಟ್ಟಿದವನಲ್ಲ ಅಂದ್ಕೊಂಡೆ. ಹೌದು, ಅಂದ್ಕೊಂಡೆ. ಆ ಪಾಪ ನನ್ನದೇ."

"ಅಪ್ಪಾ, ಬಾಯಿ ಮುಚ್ಚು!" ಮಗಳು ಚೀರಿದಳು.

"ಇನ್ನೊಬ್ಬರು ಯಾರು?" ಮೇಡಂ ಕೇಳಿದರು. ಕೇಳುವಾಗಲೇ ಅವರ ಮುಖ ಬಿಳುಚಿಕೊಂಡಿತ್ತು.

"ನಮ್ಮ ಅಳಿಯಂದ್ರು."

ಡೂಪ್ಲಿಕೇಟ್ ಅಂದು ಮೇಡಂ ಒಬ್ಬರಿಗೇ ಹೇಳಬೇಕೆಂದಿದ್ದು ಠಾಣೆಯ ಈ ಮನುಷ್ಯನ ವಿಷಯವೇ ಇರಬೇಕು. ಒಂಬತ್ತು ದಿನ, ಎರಡು ಹೊತ್ತು, ಲಾಕಪ್ಪಿನ ಸರಳುಗಳ ಆಚೆ ಕುಕ್ಕರುಗಾಲಲ್ಲಿ ಕುಳಿತು ಲಂಬುವಿಗೆ ಊಟ ಕೊಡುತ್ತಿದ್ದವನು ಕಣ್ಣ ಮುಂದೆ ಬಂದ. ಊಟದ ಜೊತೆ ಏನೇನು ಮಾತು ಬಡಿಸುತ್ತಿದ್ದನೋ. ಆ ಎರಡು ವರ್ಷದ ಮಗುವಿನ ಹೆಸರೆತ್ತಿ ಏನು ಹೇಳುತ್ತಿದ್ದನೋ.

ಮೇಡಂ ಆಗಲೇ ಠಾಣೆಗೆ ಫೋನ್ ಹಚ್ಚಿದ್ದರು. ಹೆಡ್ ಕಾನ್‌ಸ್ಟೇಬಲನ ಧ್ವನಿ ನನಗೂ ಕೇಳುವಷ್ಟು ಜೋರಾಗಿತ್ತು. "ಹೊರಟು ಅರ್ಧ ಗಂಟೆ ಆಯ್ತಲ್ಲ ಮೇಡಂ. ಇಲ್ಲ, ಜೊತೆಗೆ ಯಾರನ್ನೂ ಕಳಿಸಿಲ್ಲ. ಕೈಗೆ ಕೋಳ ಇದೆ, ನಾನೊಬ್ನೇ ಸಾಕು ಅಂದ."

ಕೋರ್ಟಿಗೆ ಫೋನ್ ಮಾಡಿದರು. ಜೀಪ್ ಬಂದಿಲ್ಲ. ಠಾಣೆಯಿಂದ ಕೋರ್ಟಿಗೆ ಹತ್ತು ನಿಮಿಷದ ದಾರಿ.

ಮಗಳು ಕಂಬ ಹಿಡಿದು ಜಾರಿ ಕುಳಿತಳು. ಲಂಬುವಿಗೆ ಕೋಳ ಹಾಕಿ, ಅಚ್ಚುಕಟ್ಟಾಗಿ, ಕಾನೂನಿನ ಪ್ರಕಾರ, ಕೊಲೆಗಾರನ ಕೈಗೇ ಒಪ್ಪಿಸಿದ್ದೆವು.

"ಕೋರ್ಟಿಗೆ ಹೋಗಿಲ್ಲ ಮೇಡಂ," ಎಂದ ಮೇಸ್ತ್ರಿ, ನೆಲದ ಮೇಲಿಂದಲೇ. "ನಿಮ್ಮ ಜೀಪು ಓಣಿ ಬಾಯಲ್ಲಿ ಬಲಕ್ಕೆ ಹೋಯ್ತು. ಕ್ವಾರಿ ಕಡೆ. ಎರಡನೇ ಗೇರಿಗೆ ಹಾಕೋ ಮುಂಚೆ ಎರಡು ಸಲ ಕ್ಲಚ್ ತುಳಿದ್ರು."

"ಯಾವಾಗ?" ಮೇಡಂ ಅವನ ಭುಜ ಹಿಡಿದು ಅಲುಗಾಡಿಸಿದರು. "ಯಾವಾಗ ಹೋಯ್ತು?"

ಮುದುಕ ಕುರುಡು ಕಣ್ಣನ್ನು ಮಗಳ ಕಡೆ ಎತ್ತಿದ.

"ಇವಳು ನನ್ನನ್ನ ಕಿವುಡ ಅಂದ್ಲಲ್ಲ, ಆವಾಗ."